ಹಲಗೆ ಬಾಗಿಲುಗಳ ಪೇಟೆಬೀದಿ

ಅಟ್ಟದ ಕೊಬ್ಬರಿ ಇಳಿದ ಮೇಲೆ ಬಾಕಿ ತೀರಿಸುತ್ತಿದ್ದ ಗಿರಾಕಿ, ಮಗಳ ಮದುವೆಯ ಸೀರೆಯನ್ನು ಉದ್ರಿ ಕೊಡುತ್ತಿದ್ದ ಅಂಗಡಿ, ಜಾತಿ ನೋಡಿ ಲೋಟ ಇಡುತ್ತಿದ್ದ ಹೋಟೆಲು. ಚಿಕ್ಕನಾಯಕನಹಳ್ಳಿಯ ಹಳೇ ಪೇಟೆಯ ಲೆಕ್ಕದಲ್ಲಿ ಜಮೆಯೂ ಇದೆ, ಖರ್ಚೂ ಇದೆ.

ಚಿಕ್ಕನಾಯಕನಹಳ್ಳಿ ಪೇಟೆಬೀದಿಯ ಹಳೇ ಅಂಗಡಿಗಳಲ್ಲಿ ಬಹುಪಾಲಿಗೆ ಬೋರ್ಡು ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಧೋತ್ರ ಬೇಕಾದವರು ಯಾವ ಜಗುಲಿ ಹತ್ತಬೇಕು, ಹಸುಗೂಸಿನ ಹೊಟ್ಟೆನೋವಿಗೆ ಬಜೆ ಎಲ್ಲಿ ಸಿಗುತ್ತದೆ, ಒಡವೆ ಗಿರವಿ ಇಟ್ಟರೆ ಊರಿಗೆಲ್ಲ ಸಾರದವರು ಯಾರು ಎಂಬುದೆಲ್ಲ ಶೆಟ್ಟಿಕೆರೆ, ಕಂದಿಕೆರೆ, ಹಂದನಕೆರೆ, ಹುಳಿಯಾರು ಕಡೆಯ ಹಳ್ಳಿಯವರಿಗೆ ಬಾಯಿಪಾಠವಾಗಿತ್ತು. ಅಂಗಡಿಗೆ ಹೆಸರು ಬರುತ್ತಿದ್ದುದು ಒಳಗೆ ಕೂತವನಿಂದ. ದಪ್ಪ ಸೆಟ್ಟರದು, ಮೀಸೆ ಸಾಬರದು ಎಂದರೆ ಸಾಕು. ಮೀಸೆಯವರು ಕಾಲವಾಗಿ, ಮೀಸೆಯೇ ಇಲ್ಲದ ಮಗ ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಮೇಲೂ ಅದು ಮೀಸೆ ಸಾಬರ ಅಂಗಡಿಯೇ.

ಬಾಗಿಲೆಂದರೆ ಸಾಲಾಗಿ ನಿಲ್ಲಿಸಿದ ಹಲಗೆಗಳು. ಮೇಲೆ ಕೆಳಗೆ ಕೊರೆದ ತೋಡಿನೊಳಗೆ ಅವು ಒಂದರ ಪಕ್ಕ ಒಂದು ಜಾರಿ ನಿಲ್ಲುತ್ತಿದ್ದವು. ಒಂದೊಂದಕ್ಕೂ ಅಂಕಿ ಕೆತ್ತಿರುತ್ತಿತ್ತು. ಮೂರನೆಯದರ ಜಾಗಕ್ಕೆ ನಾಲ್ಕನೆಯದನ್ನು ತುರುಕಿದರೆ ಕೊನೆಯದು ಕೂರುತ್ತಿರಲಿಲ್ಲ. ಬೆಳಗ್ಗೆ ಹಲಗೆ ತೆಗೆದು ಒಳಗೆ ಒರಗಿಸುವುದು, ಸಂಜೆ ಅಂಕಿ ನೋಡಿ ಜೋಡಿಸುವುದು ಆ ಮನೆಯ ಹುಡುಗರ ಕೆಲಸ. ನಮ್ಮ ವಾರಿಗೆಯ ಎಷ್ಟೋ ಜನ ಅಂಕಿ ಕಲಿತದ್ದು ಸ್ಲೇಟಿಗಿಂತ ಮುಂಚೆ ಆ ಹಲಗೆಗಳ ಮೇಲೆ.

ಹಲಗೆಯ ಹಿಂದೆ ಅಂಗಡಿ, ಅಂಗಡಿಯ ಹಿಂದೆ ಮನೆ, ಮನೆಯ ಹಿಂದೆ ಹಿತ್ತಲು. ಪೇಟೆಯ ಬಾಳು ಇದ್ದದ್ದು ಈ ಜೋಡಣೆಯಲ್ಲಿ. ಪೇಟೆ ಸೊರಗಿದ್ದು ಯಾಕೆ ಎಂಬ ಪ್ರಶ್ನೆಗೂ ಉತ್ತರ ಅಲ್ಲೇ ಸಿಗುತ್ತದೆ.

ಕೋಟೆ, ಎತ್ತಿನಗಾಡಿ, ತಪ್ಪಿದ ರೈಲು

ಊರಿಗೆ ಹೆಸರು ಬಂದದ್ದು ಹಾಗಲವಾಡಿ ಪಾಳೆಯಗಾರರ ವಂಶದ ಚಿಕ್ಕನಾಯಕನಿಂದ. ಹಾಗಲವಾಡಿ ಈಗ ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ಅವರು ಕಟ್ಟಿಸಿದ ಪೇಟೆ ತಾಲ್ಲೂಕು ಕೇಂದ್ರವಾಗಿ ಬೆಳೆಯಿತು. 1791ರಲ್ಲಿ ಕಾರ್ನ್‌ವಾಲಿಸನ ಸೇನೆಯನ್ನು ಕೂಡಿಕೊಳ್ಳಲು ಶ್ರೀರಂಗಪಟ್ಟಣದ ಕಡೆ ಹೊರಟಿದ್ದ ಮರಾಠಾ ಸರದಾರ ಪರಶುರಾಮ ಭಾವೂ ದಾರಿಯಲ್ಲಿ ಈ ಊರನ್ನು ಲೂಟಿ ಮಾಡಿದ. ಬರಿಗೈ ಊರನ್ನು ಯಾರೂ ಲೂಟಿ ಮಾಡುವುದಿಲ್ಲ. ಅಷ್ಟು ಹೊತ್ತಿಗೇ ಇಲ್ಲಿ ದುಡ್ಡಿನ ವ್ಯಾಪಾರ ನಡೆದಿತ್ತು.

ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯ ಬೆಳೆ, ಕಸುಬು, ವ್ಯಾಪಾರಗಳ ವಿವರ ಕಲೆಹಾಕಲು ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿತು. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಚಿಕ್ಕನಾಯಕನಹಳ್ಳಿಯೂ ಇದೆ. ಮಣ್ಣಿನ ಕೋಟೆ, ವಾರದ ಸಂತೆ, ತೆಂಗು ಅಡಿಕೆ ತೋಟಗಳನ್ನು ಅವನು ಕಂಡು ಬರೆದ. ಇಂದು ಕೋಟೆ ಹೆಚ್ಚುಕಡಿಮೆ ಮಾತಿನಲ್ಲಿ ಮಾತ್ರ ಉಳಿದಿದೆ. ಸಂತೆ ಮತ್ತು ತೋಟ ಉಳಿದುಕೊಂಡಿವೆ.

ಆ ಕಾಲದ ವ್ಯಾಪಾರವೆಲ್ಲ ಎತ್ತಿನ ಬೆನ್ನು, ಗಾಡಿಯ ಚಕ್ರದ ಮೇಲೆ. ಮಲೆನಾಡಿನ ಅಡಿಕೆ ಮೆಣಸು ಬಯಲಿಗೆ, ಬಯಲಿನ ಬಟ್ಟೆ ಕಂಬಳಿ ಮಲೆನಾಡಿಗೆ ಸಾಗುತ್ತಿದ್ದಾಗ ಇಂಥ ನಡುದಾರಿಯ ಪೇಟೆಗಳಿಗೆ ಬೆಲೆಯಿತ್ತು. 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ಗುಬ್ಬಿ ದಾಟಿ ಅರಸೀಕೆರೆ, ಹರಿಹರದ ಕಡೆಗೆ ರೈಲು ದಾರಿ ಬಿತ್ತು. ಅದು ಬಾಣಸಂದ್ರ, ತಿಪಟೂರಿನ ಮೇಲೆ ಹೋಯಿತು. ಚಿಕ್ಕನಾಯಕನಹಳ್ಳಿ ಬದಿಗೆ ಉಳಿಯಿತು. ತಿಪಟೂರು ಕೊಬ್ಬರಿಗೆ ದೇಶದಲ್ಲೇ ಹೆಸರಾದ ಮಾರುಕಟ್ಟೆ ಆದದ್ದಕ್ಕೂ, ಅದಕ್ಕಿಂತ ಹಳೆಯ ಪೇಟೆಯಾದ ನಮ್ಮೂರು ತಾಲ್ಲೂಕಿನ ಮಟ್ಟದಲ್ಲೇ ನಿಂತದ್ದಕ್ಕೂ ಆ ಕಂಬಿಗಳೇ ದೊಡ್ಡ ಕಾರಣ. ಒಂದು ರೀತಿಯಲ್ಲಿ ಆ ನಷ್ಟವೇ ಹಳೇ ಬೀದಿಯನ್ನು ಬಹುಕಾಲ ಕಾಪಾಡಿತು. ದೊಡ್ಡ ದುಡ್ಡು ಬರಲಿಲ್ಲವಾದ್ದರಿಂದ ದೊಡ್ಡ ಕಟ್ಟಡಗಳೂ ಬರಲಿಲ್ಲ. ನಾಡಹೆಂಚಿನ ಸೂರು, ಮರದ ಕಂಬ, ಕಲ್ಲುಚಪ್ಪಡಿಯ ಜಗುಲಿ 1980ರವರೆಗೂ ಸಾಲುಸಾಲಾಗಿ ನಿಂತಿದ್ದವು.

ಅಟ್ಟದ ಮೇಲಿನ ಕಾಯಿ, ಪುಸ್ತಕದಲ್ಲಿನ ಬಾಕಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಕೊಬ್ಬರಿ ಉಂಡೆ ಕೊಬ್ಬರಿ. ಕರಾವಳಿಯವರ ಹಾಗೆ ಕಾಯಿ ಒಡೆದು ಬಿಸಿಲಿಗೆ ಹಾಕುವ ಪದ್ಧತಿ ಇಲ್ಲಿಲ್ಲ. ಬಲಿತ ಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಏರಿಸುತ್ತಾರೆ. ಎಂಟು ತಿಂಗಳೋ ವರ್ಷವೋ ಅದು ಅಲ್ಲೇ ಇರಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಅಲ್ಲಾಡಿಸಿದರೆ ಗಿಟಕು ಸದ್ದು ಮಾಡಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಕೌಟು ಕೊಬ್ಬರಿ ಬೇರೆ ಮಾಡಿ ಚೀಲ ತುಂಬುವುದು. ಅಂದರೆ ಇವತ್ತು ಮರದಿಂದ ಇಳಿದ ಕಾಯಿ ದುಡ್ಡಾಗುವುದು ಬರುವ ವರ್ಷ.

ಪೇಟೆಬೀದಿಯ ಉದ್ರಿ ಹುಟ್ಟಿದ್ದು ಈ ಕಾಯುವಿಕೆಯಿಂದ. ರೈತನ ಆಸ್ತಿ ಅಟ್ಟದ ಮೇಲಿದೆ, ಕೈಯಲ್ಲಿ ಕಾಸಿಲ್ಲ. ಅಂಗಡಿಯವನಿಗೂ ಅದು ಗೊತ್ತು. “ಬರ್ಕಳಿ ಸೆಟ್ರೆ, ಅಟ್ಟ ಇಳ್ಸಿದ್ ಮ್ಯಾಕೆ ಕೊಡ್ತೀನಿ” ಎಂಬ ಮಾತೇ ಆ ಬೀದಿಯ ಪ್ರಾಮಿಸರಿ ನೋಟು. ಸೆಟ್ಟರು ಉದ್ದನೆಯ ಕೆಂಪು ಬಟ್ಟೆ ರಟ್ಟಿನ ಖಾತೆಪುಸ್ತಕ ಬಿಚ್ಚಿ, ಹೆಸರು, ಊರು, ಸಾಮಾನು, ಮೊತ್ತ ಬರೆಯುತ್ತಿದ್ದರು. ಬರೆಯುತ್ತಲೇ, “ಈ ಸಲ ಕಾಯಿ ಹೆಂಗೆ ಹಿಡ್ದಿದೆ? ಕೆರೆ ಕೋಡಿ ಬಿತ್ತೇನಪ್ಪಾ? ದೊಡ್ಡ ಹುಡ್ಗಿಗೆ ಗಂಡು ಗೊತ್ತಾಯ್ತಾ?” ಎಂದು ವಿಚಾರಿಸುತ್ತಿದ್ದರು. ಅದು ಕುಶಲೋಪರಿಯೂ ಹೌದು, ಸಾಲ ವಾಪಸು ಬರುತ್ತದೆಯೇ ಎಂದು ತೂಗಿ ನೋಡುವ ಉಪಾಯವೂ ಹೌದು. ಬ್ಯಾಂಕಿನವರು ಈಗ ಹತ್ತು ಕಾಗದ ಕೇಳಿ ತಿಳಿಯುವುದನ್ನು ಅವರು ಮೂರು ಪ್ರಶ್ನೆಯಲ್ಲಿ ತಿಳಿಯುತ್ತಿದ್ದರು.

ದೀಪಾವಳಿಯಲ್ಲೋ ಯುಗಾದಿಯಲ್ಲೋ, ಆಯಾ ಮನೆತನದ ಪದ್ಧತಿಯಂತೆ, ಹಳೇ ಪುಸ್ತಕ ಮುಗಿಸಿ ಹೊಸದಕ್ಕೆ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಬಾಕಿ ಉಳಿದವರ ಹೆಸರು ಹೊಸ ಪುಸ್ತಕಕ್ಕೆ ಏರುತ್ತಿತ್ತು. ಅಪ್ಪನ ಬಾಕಿ ಮಗನ ಹೆಸರಿಗೆ ಏರಿದ್ದೂ ಉಂಟು. ಇದನ್ನು ಬರೀ ವಿಶ್ವಾಸ ಎಂದು ಹೊಗಳಿ ಮುಗಿಸುವಂತಿಲ್ಲ. ಉದ್ರಿ ತಂದವನು ದರ ಕೇಳುವಂತಿರಲಿಲ್ಲ, ಕೊಬ್ಬರಿಯನ್ನು ಬೇರೆ ಮಂಡಿಗೆ ಹಾಕುವಂತಿರಲಿಲ್ಲ. ಮಂಡಿಯ ತಕ್ಕಡಿಯಲ್ಲಿ ರೈತನಿಗೆ ಗೊತ್ತಾಗದ ಎಷ್ಟೋ ಕಡಿತಗಳಿದ್ದವು. ದೇವರ ಹೆಸರಿನಲ್ಲಿ ಒಂದು ಹಿಡಿ, ಧೂಳಿನ ಹೆಸರಿನಲ್ಲಿ ಒಂದು ಹಿಡಿ, ಹಮಾಲಿಗೆ ಒಂದಿಷ್ಟು. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಬಂದು ವ್ಯಾಪಾರ ಪ್ರಾಂಗಣಗಳಿಗೆ ಸರಿದದ್ದು ರೈತನ ಮಟ್ಟಿಗೆ ಒಳ್ಳೆಯದೇ. ಆದರೆ ಮಂಡಿಗಳ ಜೊತೆಗೆ ಕೊಬ್ಬರಿ ಗಾಡಿಗಳೂ ಬೀದಿ ಬಿಟ್ಟವು. ಗಾಡಿ ನಿಂತಲ್ಲಿ ಬಟ್ಟೆ, ಬೆಲ್ಲ, ಹಗ್ಗ, ಕಾಫಿಯ ವ್ಯಾಪಾರವೂ ನಡೆಯುತ್ತಿತ್ತು. ಅದಕ್ಕೂ ಪೆಟ್ಟು ಬಿತ್ತು.

ಅಳತೆಯ ಮಾತು ಬಂದಾಗ ಇನ್ನೊಂದು ನೆನಪು. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂತು. 1956ರ ತೂಕ ಅಳತೆ ಕಾಯ್ದೆಯ ಬೆನ್ನಿಗೆ ಕಿಲೋ, ಲೀಟರು, ಮೀಟರು ಬಂದವು. ಬೀದಿ ಮಾತ್ರ ಹೊಸ ತಕ್ಕಡಿಯಲ್ಲಿ ತೂಗಿ ಹಳೇ ಲೆಕ್ಕದಲ್ಲಿ ಮಾತಾಡಿತು. ನಾವು ಹುಡುಗರಾಗಿದ್ದಾಗಲೂ ಅಜ್ಜಿಯರು ಕಾಲುರೂಪಾಯಿಗೆ ನಾಲ್ಕಾಣೆ ಎನ್ನುತ್ತಿದ್ದರು. ರಾಗಿಯನ್ನು ಸೇರು, ಅಚ್ಚೇರು, ಪಾವಿನಲ್ಲಿ ಅಳೆಸಿಕೊಂಡು, ಮೇಲೆ ಒಂದು ಹಿಡಿ ಕೊಸರು ಹಾಕಿಸಿಕೊಳ್ಳದೆ ಜಗುಲಿ ಇಳಿಯುತ್ತಿರಲಿಲ್ಲ.

ಅಂಗಡಿಯ ಹಿಂದಿನ ಮನೆ

ಗಲ್ಲಾಪೆಟ್ಟಿಗೆಯ ಹಿಂದೆ ಗಂಡಸು ಕೂತಿರುತ್ತಿದ್ದ. ಅಂಗಡಿ ನಡೆಯುತ್ತಿದ್ದುದು ಒಳಮನೆಯಿಂದ. ಗಂಧಿಗೆ ಅಂಗಡಿಯ ಹಿಪ್ಪಲಿ, ಜೇಷ್ಠಮಧು, ಲವಂಗಪಟ್ಟೆ ಹಸನು ಮಾಡಿ ಪೊಟ್ಟಣ ಕಟ್ಟುತ್ತಿದ್ದವರು, ದಿನಸಿ ಅಂಗಡಿಯ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದವರು, ಬಾಳೆಎಲೆ ಒರೆಸಿ ಕಟ್ಟು ಮಾಡುತ್ತಿದ್ದವರು ಮನೆಯ ಹೆಂಗಸರು. ಗಂಡ ಊಟಕ್ಕೆ ಒಳಗೆ ಹೋದಾಗ ಪರದೆಯ ಪಕ್ಕ ನಿಂತು ವ್ಯಾಪಾರ ಮಾಡುತ್ತಿದ್ದವರೂ ಅವರೇ. ಹಳ್ಳಿಯ ಹೆಂಗಸರು ಗಂಡಸರ ಮುಂದೆ ಕೇಳಲಾಗದ ಸಾಮಾನನ್ನು, ಬಾಣಂತಿ ಮದ್ದನ್ನು, ಬಚ್ಚಿಟ್ಟ ಕಾಸಿನ ಚೀಟಿ ಲೆಕ್ಕವನ್ನು ಇವರ ಹತ್ತಿರ ಮಾತಾಡಿಕೊಳ್ಳುತ್ತಿದ್ದರು. ಖಾತೆಪುಸ್ತಕದಲ್ಲಿ ಅವರ ಹೆಸರು ಒಂದು ಸಾಲಿನಲ್ಲೂ ಇಲ್ಲ.

ಅಂಗಡಿಗೂ ಮನೆಗೂ ನಡುವೆ ಒಂದೇ ಬಾಗಿಲು ಇದ್ದದ್ದರಿಂದ ಬೀದಿಯಲ್ಲಿ ಯಾವಾಗಲೂ ಮನುಷ್ಯರಿದ್ದರು. ಮಧ್ಯಾಹ್ನದ ಬಿಸಿಲಿಗೆ ವ್ಯಾಪಾರ ಬಿದ್ದುಹೋದರೂ ಜಗುಲಿಯ ಮೇಲೆ ತಾತನೊಬ್ಬ ಎಲೆಯಡಿಕೆ ಕುಟ್ಟುತ್ತ ಕೂತಿರುತ್ತಿದ್ದ. ಶಾಲೆ ತಪ್ಪಿಸಿದ ಹುಡುಗನನ್ನು ಅವನು “ಯಾರ ಮನೆಯವನ್ಲಾ ನೀನು?” ಎಂದು ಕೇಳಿದರೆ ಸುದ್ದಿ ಸಂಜೆಗೆ ಮನೆ ಮುಟ್ಟುತ್ತಿತ್ತು. ನ್ಯೂಯಾರ್ಕಿನ ಹಡ್ಸನ್ ಬೀದಿಯಲ್ಲಿ ವಾಸವಾಗಿದ್ದ ಜೇನ್ ಜೇಕಬ್ಸ್ ಎಂಬ ಲೇಖಕಿ 1961ರಲ್ಲಿ ಅಮೆರಿಕದ ನಗರಗಳ ಅಳಿವು ಉಳಿವಿನ ಬಗ್ಗೆ ಬರೆದ ಪುಸ್ತಕದಲ್ಲಿ ಇದೇ ಮಾತನ್ನು ಹೇಳಿದ್ದಾಳೆ. ಬೀದಿ ಕಾಯುವುದು ಪೊಲೀಸರಿಗಿಂತ ಹೆಚ್ಚಾಗಿ ಅಂಗಡಿಯವರ, ನೆರೆಯವರ ಕಣ್ಣು. ಊರಿಗೆ ಹೋಗುವವರು ಮನೆ ಬೀಗದಕೈಯನ್ನು ಅಂಗಡಿಯವನ ಹತ್ತಿರ ಬಿಟ್ಟು ಹೋಗುತ್ತಾರೆ ಎಂದು ಆಕೆ ಗಮನಿಸಿದಳು. ನಮ್ಮ ಪೇಟೆಯಲ್ಲಿ ಬೀಗದಕೈ ಜೊತೆಗೆ ಹಸುವಿನ ಹಗ್ಗವನ್ನೂ ಒಪ್ಪಿಸಿ ಹೋಗುತ್ತಿದ್ದರು.

ಆ ಕಣ್ಣು ಹಿತವೂ ಹೌದು, ಹಿಂಸೆಯೂ ಹೌದು. ಯಾರ ಮನೆಗೆ ಯಾರು ಬಂದರು, ವಿಧವೆ ಮಗಳು ಯಾವ ಸೀರೆ ಉಟ್ಟಳು ಎಂಬುದನ್ನೂ ಅದೇ ಕಣ್ಣು ಎಣಿಸುತ್ತಿತ್ತು.

ಕರಿಕಂಬಳಿಯ ಕೇರಿ

ಈ ಊರಿನ ಹೆಸರನ್ನು ಹೊರಗೆ ಒಯ್ದ ಸರಕುಗಳಲ್ಲಿ ಕಂಬಳಿಯೂ ಒಂದು. ದೇವಾಂಗದವರು ಹತ್ತಿಯ ಬಟ್ಟೆ ನೇಯುತ್ತಿದ್ದರೆ, ಕುರುಬರ ಮನೆಗಳಲ್ಲಿ ಉಣ್ಣೆಯ ಮಗ್ಗ. ಚಳ್ಳಕೆರೆ, ಹಿರಿಯೂರು, ಸಿರಾ ಬಯಲಿನ ಕುರಿಗಳ ತುಪ್ಪಟ ಬರುತ್ತಿತ್ತು. ಹೆಂಗಸರು ಹಿಂಜಿ ನೂಲುತ್ತಿದ್ದರು. ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ತಿಕ್ಕಿ ಬೀದಿಯುದ್ದಕ್ಕೂ ಹಾಸು ಎಳೆದು ಒಣಗಿಸುತ್ತಿದ್ದರು. ಆ ಗಂಜಿಯ ವಾಸನೆ ಬಂತೆಂದರೆ ಕಂಬಳಿ ಕೇರಿ ಹತ್ತಿರವಾಯಿತು ಎಂದೇ ಅರ್ಥ. ಸೈಕಲ್ಲಿನವರು ಅಲ್ಲಿ ಇಳಿದು ತಳ್ಳಿಕೊಂಡು ಹೋಗಬೇಕು, ನೂಲು ತುಳಿಯುವಂತಿಲ್ಲ.

ಕರಿಕಂಬಳಿ ಮಳೆಗೆ ಗೊಪ್ಪೆ, ಚಳಿಗೆ ಹೊದಿಕೆ, ತೋಟದ ಕಾವಲಿಗೆ ಹಾಸಿಗೆ, ದೇವರ ಕಾರ್ಯಕ್ಕೆ ಗದ್ದುಗೆ. ಮದುವೆಯಲ್ಲಿ, ಪಂಚಾಯ್ತಿಯಲ್ಲಿ ಅದನ್ನು ಹಾಸದೆ ಮಾತು ಶುರುವಾಗುತ್ತಿರಲಿಲ್ಲ. ಸಹಕಾರ ಸಂಘದ ಮೂಲಕ ನೂಲು, ಮಾರಾಟ ಎರಡಕ್ಕೂ ಒಂದು ಏರ್ಪಾಟಾಯಿತು. ಆದರೆ ಮಿಲ್ಲಿನ ರಗ್ಗು ಸಂತೆಗೆ ಬಂದ ಮೇಲೆ ಕೈಮಗ್ಗದ ಕಂಬಳಿಯ ಗಿರಾಕಿ ಕರಗಿದ. ಬೆಲೆಯಲ್ಲಿ ರಗ್ಗು ಗೆದ್ದಿತು. ಕಂಬಳಿಗೆ ಪೂಜೆಯ ಜಾಗ ಉಳಿಯಿತು, ಮಂಚದ ಮೇಲಿನ ಜಾಗ ಹೋಯಿತು.

ಕಾಫಿ, ಲೋಟ, ಬೆಂಚು

ಸಂತೆಯ ದಿನ ಹೋಟೆಲಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಬೆಳಗಿನ ಜಾವ ಕಾಯಿಮಟ್ಟೆ, ಚಿಪ್ಪಿನ ಒಲೆ ಹೊತ್ತಿಸಿದರೆ ರಾತ್ರಿಯವರೆಗೂ ಆರುತ್ತಿರಲಿಲ್ಲ. ತಟ್ಟೆ ಇಡ್ಲಿ, ಕಾಯಿಚಟ್ನಿ, ಖಾಲಿ ದೋಸೆ, ಉಪ್ಪಿಟ್ಟು ಕೇಸರಿಬಾತು, ಬೈಟು ಕಾಫಿ. ಕಾಯಿಸೀಮೆಯಾದ್ದರಿಂದ ಚಟ್ನಿಗೆ ಲೆಕ್ಕವಿರಲಿಲ್ಲ. ಗಲ್ಲಾದ ಹಿಂದೆ ದೇವರ ಪಟ, ಅದರ ಪಕ್ಕದಲ್ಲಿ ‘ಇಂದು ನಗದು ನಾಳೆ ಉದ್ರಿ’ ಎಂಬ ಹಲಗೆ. ಪೇಟೆಯಲ್ಲಿ ಉದ್ರಿ ಕೊಡದ ಜಾಗ ಇದೊಂದೇ ಇರಬೇಕು. ತುಮಕೂರಿನ ಕಡೆಯಿಂದ ಬಂದ ಬಸ್ಸು ಪೇಪರ್ ಕಟ್ಟು ಎಸೆದು ಹೋದರೆ ಒಂದೇ ‘ಪ್ರಜಾವಾಣಿ’ಯನ್ನು ಹಾಳೆ ಹಾಳೆ ಹಂಚಿಕೊಂಡು ಹೋಟೆಲು, ಕ್ಷೌರದ ಅಂಗಡಿ, ಟೈಲರ್ ಅಂಗಡಿಗಳಲ್ಲಿ ಓದಿ ಮುಗಿಸುತ್ತಿದ್ದರು. ಪಕ್ಕದ ತೀರ್ಥಪುರದಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯ, ಸಾಸಲಿನ ಸಾ.ಶಿ. ಮರುಳಯ್ಯ ನಮ್ಮ ತಾಲ್ಲೂಕಿನವರು ಎಂಬ ಹೆಮ್ಮೆಯನ್ನು ನಾವು ಮೊದಲು ಕೇಳಿದ್ದು ಮೇಷ್ಟ್ರುಗಳ ಕಾಫಿ ಮೇಜಿನಲ್ಲಿ.

ಆದರೆ ಆ ಮೇಜು ಎಲ್ಲರದಾಗಿರಲಿಲ್ಲ. ಹಳೇ ಮೈಸೂರು ಸೀಮೆಯ ಎಷ್ಟೋ ಕಾಫಿ ಹೋಟೆಲುಗಳ ಹಾಗೆ ಇಲ್ಲೂ ಹೊಲಗೇರಿ, ಮಾದಿಗರ ಹಟ್ಟಿಯಿಂದ ಬಂದವರು ಹೊರಗೆ ನಿಂತು ಕುಡಿಯಬೇಕಿತ್ತು. ಗೋಡೆಯ ಗೂಡಿನಲ್ಲಿಟ್ಟ ಬೇರೆ ಲೋಟವನ್ನು ತಾವೇ ತೊಳೆದಿಡಬೇಕಿತ್ತು. ಹಳ್ಳಿಗಳ ಕಡೆ ತೆಂಗಿನ ಚಿಪ್ಪಿನಲ್ಲಿ ಕೊಟ್ಟದ್ದೂ ಉಂಟು. ಅಸ್ಪೃಶ್ಯತೆಯ ವಿರುದ್ಧ 1955ರಲ್ಲೇ ಕಾಯ್ದೆ ಬಂದಿತ್ತು. ಆದರೆ ಕಾಯ್ದೆ ದೆಹಲಿಯಿಂದ ಬೆಂಚಿನವರೆಗೆ ನಡೆದು ಬರಲು ಬಹಳ ವರ್ಷ ಹಿಡಿಯಿತು. 1973ರ ಬೂಸಾ ಚಳವಳಿ, ಆಮೇಲಿನ ದಲಿತ ಸಂಘರ್ಷ ಸಮಿತಿಯ ಹುಡುಗರು ತಾಲ್ಲೂಕು ತಾಲ್ಲೂಕಿನಲ್ಲಿ ಎದ್ದು ನಿಂತ ಮೇಲೆ ಗೂಡಿನ ಲೋಟ ಮರೆಯಾಯಿತು. ಬಟ್ಟೆ ಅಂಗಡಿಯಲ್ಲೂ ಹಾಗೆಯೇ. ಜಗುಲಿಯ ಕೆಳಗೆ ನಿಂತವರಿಗೆ ಬಟ್ಟೆಯನ್ನು ಮೇಲಿನಿಂದ ಎಸೆದು ತೋರಿಸುತ್ತಿದ್ದುದನ್ನು ಕಂಡವರು ಇನ್ನೂ ಇದ್ದಾರೆ. “ಆಗಿನ ಕಾಲವೇ ಚೆನ್ನಾಗಿತ್ತು” ಎನ್ನುವವರು ಯಾವ ಕಡೆ ನಿಂತು ಹೇಳುತ್ತಿದ್ದಾರೆ ಎಂದು ಒಮ್ಮೆ ನೋಡಬೇಕು.

ಜಾತಿಯ ಗೆರೆ ಅಳಿಸುತ್ತಿದ್ದ ಜಾಗಗಳೂ ಇದ್ದವು. ತಾತಯ್ಯನ ಗೋರಿಯ ಉರುಸಿಗೆ ಹಿಂದೂಗಳು ಸಕ್ಕರೆ ಓದಿಸುವುದು, ಹಳೆಯೂರು ಆಂಜನೇಯನ ತೇರಿನ ದಿನ ಸಾಬರ ಅಂಗಡಿಯಲ್ಲಿ ಬಳೆಗೆ ಮುಗಿಬೀಳುವುದು ಇಲ್ಲಿ ವಿಶೇಷದ ಸಂಗತಿಯೇ ಅಲ್ಲ. ಬಳೆ, ಅತ್ತರು, ಬೀಡಿ, ಗಾಡಿಯ ಪಟ್ಟಿ, ಹಾಸಿಗೆ ಹೊಲಿಯುವ ಕಸುಬುಗಳಲ್ಲಿ ಮುಸ್ಲಿಂ ಮನೆಗಳ ಕೈ ದೊಡ್ಡದು. ಹಬ್ಬ ಯಾವುದಾದರೂ ಇಬ್ಬರ ವ್ಯಾಪಾರವೂ ಒಂದೇ ಬೀದಿಯಲ್ಲಿ ಆಗಬೇಕಿತ್ತು.

ಹೆಂಡದಂಗಡಿಯ ದಾರಿ

ಪೇಟೆಬೀದಿಯಲ್ಲಿ ಕುಡಿತದ ಅಂಗಡಿ ಇರಲಿಲ್ಲ. ಅದು ಯಾವಾಗಲೂ ಊರಂಚಿಗೆ, ಕೆರೆಯ ಕಡೆಗೋ ಹಟ್ಟಿಯ ಕಡೆಗೋ. ಈಚಲು ಮರದ ಹೆಂಡ ಬೆಳಗ್ಗೆ ಇಳಿದು, ಮಧ್ಯಾಹ್ನಕ್ಕೆ ಹುಳಿಯೇರಿ, ಸಂಜೆಗೆ ಪೆಂಟೆಯ ಮುಂದೆ ಗುಂಪು ಕೂಡಿಸುತ್ತಿತ್ತು. ಪಕ್ಕದಲ್ಲೇ ಹುರಿಗಡಲೆ, ಬೋಟಿ, ತಲೆಮಾಂಸದ ಅಂಗಡಿಗಳು. ಕೂಲಿಯ ದಿನ ಅಲ್ಲಿ ತಮಟೆ, ತತ್ವಪದ, ಜಗಳ ಎಲ್ಲವೂ ಇರುತ್ತಿದ್ದವು. ಪೇಟೆಯ ಮರ್ಯಾದಸ್ಥರೂ ಅಲ್ಲಿಗೆ ಹೋಗುತ್ತಿದ್ದರು, ಕತ್ತಲಾದ ಮೇಲೆ, ಹಿಂದಿನ ದಾರಿಯಲ್ಲಿ.

ಸರ್ಕಾರಕ್ಕೆ ಹೆಂಡ, ಸಾರಾಯಿ ಎರಡೂ ಹರಾಜಿನ ವರಮಾನ. ಗುತ್ತಿಗೆ ಹಿಡಿದವರು ಹಣವಂತರಾದರು, ರಾಜಕಾರಣಕ್ಕೂ ಬಂದರು. ಗಡಿಗೆಯ ಹೆಂಡ ಹಿಂದೆ ಬಿದ್ದು ಪ್ಲಾಸ್ಟಿಕ್ ಪೊಟ್ಟಣದ ಸಾರಾಯಿ ಹಳ್ಳಿಹಳ್ಳಿಗೆ ನುಗ್ಗಿದ ಮೇಲೆ ಕುಡಿತದ ರೀತಿಯೇ ಬದಲಾಯಿತು. ಗುಂಪಿನಲ್ಲಿ ಕೂತು ಹೊತ್ತು ಕಳೆಯುವುದು ಹೋಗಿ, ಗೋಡೆಯ ಪಕ್ಕ ನಿಂತು ಹಲ್ಲಿನಲ್ಲಿ ಕಚ್ಚಿ ಹೀರಿ ನಡೆಯುವುದಾಯಿತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅದಕ್ಕೆ ಮುಂಚೆಯೇ ಈ ಭಾಗದಲ್ಲಿ ಹೆಂಡವೂ ನಿಂತಿತ್ತು. ಕುಡಿತ ನಿಲ್ಲಲಿಲ್ಲ. ಊರಂಚಿನ ಪೆಂಟೆ ಹೋಗಿ, ಬಸ್ ನಿಲ್ದಾಣದ ಆಸುಪಾಸಿಗೆ ವೈನ್ ಶಾಪು, ಬಾರ್ ಅಂಡ್ ರೆಸ್ಟೋರೆಂಟು, ಎಂ.ಎಸ್.ಐ.ಎಲ್. ಮಳಿಗೆ ಬಂದವು. ಮೊದಲು ಕದ್ದು ಹೋಗುತ್ತಿದ್ದವರು ಈಗ ರಾಜಾರೋಷವಾಗಿ ಮೆಟ್ಟಿಲು ಹತ್ತುತ್ತಾರೆ. ಕೂಲಿಯವನ ಖರ್ಚು ಮಾತ್ರ ಹೆಚ್ಚಿತು.

ತೆಂಗಿನ ನಾಡಿನಲ್ಲಿ ಇನ್ನೊಂದು ವಿಚಿತ್ರವಿತ್ತು. ತನ್ನ ತೋಟದ ತೆಂಗಿನ ಹೊಂಬಾಳೆಯಿಂದ ನೀರಾ ಇಳಿಸಲು ರೈತನಿಗೆ ಅನುಮತಿ ಇರಲಿಲ್ಲ. 1990ರ ದಶಕದ ಕೊನೆಗೆ ನುಸಿ ಪೀಡೆ ಬಂದು ಕಾಯಿ ಸೊರಗಿದಾಗ, ನೀರಾ ಇಳಿಸುವ ಹಕ್ಕು ಕೊಡಿ ಎಂದು ರೈತಸಂಘ ಚಳವಳಿ ಹೂಡಿತು. 2001ರ ಅಕ್ಟೋಬರಿನಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಷರತ್ತುಗಳ ಸಮೇತ ಅನುಮತಿ ಬಂದದ್ದು ಬಹಳ ವರ್ಷಗಳ ಮೇಲೆ. ಅಷ್ಟರಲ್ಲಿ ಬೀದಿಯ ವ್ಯಾಪಾರ ನಿಂತಿದ್ದ ತ್ರಾಣವೇ ಕುಗ್ಗಿತ್ತು. ತೋಟ ಸೊರಗಿದರೆ ಬೀದಿಯೂ ಸೊರಗಲೇಬೇಕು.

ಬೀದಿ ಬಿಟ್ಟವರು

ಪೇಟೆಯ ಮನೆಗಳು ಒಂದೇ ದಿನ ಖಾಲಿಯಾಗಲಿಲ್ಲ. 1974ರ ಭೂಸುಧಾರಣೆಯಲ್ಲಿ ಗೇಣಿಗೆ ಕೊಟ್ಟ ಜಮೀನು ಉಳುವವನ ಪಾಲಾಯಿತು. ಗೇಣಿಯ ರಾಗಿಯನ್ನೇ ನಂಬಿದ್ದ ಕೆಲವು ಕುಟುಂಬಗಳು ಮೊದಲು ಹೊರಟವು. 1976ರ ಋಣ ಪರಿಹಾರ ಕಾಯ್ದೆ ಬಡವರ ಸಾಲ ಮನ್ನಾ ಮಾಡಿತು, ಗಿರವಿ ಅಂಗಡಿಗಳು ಸದ್ದಿಲ್ಲದೆ ಹಲಗೆ ಹಾಕಿದವು. ಉಳುವವನಿಗೆ ನೆಲ, ಸಾಲಗಾರನಿಗೆ ಬಿಡುಗಡೆ ಸಿಕ್ಕಿತು, ಅದು ನ್ಯಾಯವೇ. ಬೀದಿ ಅದರ ಬೆಲೆ ತೆತ್ತಿತು.

ಆಮೇಲೆ ಹೊರಟವರು ಮಕ್ಕಳು. ಇಲ್ಲಿಯ ಡಿ.ವಿ.ಪಿ. ಶಾಲೆಯಲ್ಲಿ ಓದಿ, ತುಮಕೂರಿನಲ್ಲಿ ಕಾಲೇಜು ಮುಗಿಸಿ, ಬೆಂಗಳೂರಿನ ಪೀಣ್ಯ, ರಾಜಾಜಿನಗರ, ವಿಜಯನಗರ, ನಾಗರಬಾವಿ ಕಡೆ ನೆಲೆಸಿದರು. ತುಮಕೂರು ರಸ್ತೆಯ ಬಸ್ಸು ಎಲ್ಲಿ ಇಳಿಸುತ್ತದೋ ಅಲ್ಲೇ ನಮ್ಮವರ ಬೆಂಗಳೂರು. ಚಿಕ್ಕಪೇಟೆ, ಮಾಮೂಲುಪೇಟೆಗೆ ಹೋಗಿ ಮೂಟೆ ಕಟ್ಟಿಸಿಕೊಂಡು ರಾತ್ರಿ ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಬರುತ್ತಿದ್ದ ಅಪ್ಪಂದಿರು, ಮಕ್ಕಳು ಈ ಕಷ್ಟ ಪಡದಿರಲಿ ಎಂದು ಓದಿಸಿದರು. ಅವರ ಆಸೆ ನೆರವೇರಿತು. ಅಂಗಡಿಯ ಹಿಂದಿನ ಮನೆಯಲ್ಲಿ ಮುದುಕರಿಬ್ಬರು ಉಳಿದರು, ಆಮೇಲೆ ಒಬ್ಬರು, ಆಮೇಲೆ ಬೀಗ. ದೊಡ್ಡ ಅಂಗಡಿಗಳ ಪೈಪೋಟಿಯನ್ನು ಹಳಿಯುವವರು ಈ ಬೀಗವನ್ನು ನೋಡುವುದಿಲ್ಲ. ಅಂಗಡಿ ಮುಚ್ಚಿದ್ದರಿಂದ ಮನೆ ಖಾಲಿಯಾಗಲಿಲ್ಲ. ಮನೆ ಖಾಲಿಯಾದದ್ದರಿಂದ ಅಂಗಡಿ ಮುಚ್ಚಿತು.

2000ದ ನಂತರ ಗಣಿಗಾರಿಕೆಯ ಭರಾಟೆ ಬಂತು. ತಾಲ್ಲೂಕಿನ ಗುಡ್ಡಗಳಲ್ಲಿ ಮ್ಯಾಂಗನೀಸ್, ಕಬ್ಬಿಣದ ಅದಿರು ಇರುವುದು ಹಳೇ ಸುದ್ದಿ. ಆದರೆ ಚೀನಾದ ಬೇಡಿಕೆಗೆ ಅದಿರಿನ ಬೆಲೆ ಏರಿದಾಗ ಲಾರಿಗಳ ಸಾಲು ಹಗಲು ರಾತ್ರಿ ಹರಿಯಿತು. ಲಾಡ್ಜು, ಗ್ಯಾರೇಜು, ಟಯರ್ ಅಂಗಡಿ, ಡಾಬಾ ಹುಟ್ಟಿದವು. ಕೆಂಪು ಧೂಳು ಜಗುಲಿಗಳ ಮೇಲೆ ಕೂತಿತು. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಯನ್ನೂ ನಿಲ್ಲಿಸಿದ ಮೇಲೆ ಲಾರಿಗಳು ಮಾಯವಾದವು, ಸಾಲ ಮಾಡಿ ಲಾರಿ ಕೊಂಡವರು ಉಳಿದರು. ಈಗ ಜೇವರ್ಗಿ–ಚಾಮರಾಜನಗರ ರಾಷ್ಟ್ರೀಯ ಹೆದ್ದಾರಿ 150ಎ ಈ ಊರಿನ ಮೇಲೆ ಹಾಯುತ್ತದೆ. ವ್ಯಾಪಾರ ಅದರ ಇಕ್ಕೆಲಕ್ಕೆ ಸರಿದಿದೆ. ಪೇಟೆಬೀದಿಗೆ ತಿರುಗುವವರು ಕೆಲಸವಿದ್ದವರು ಮಾತ್ರ.

ಕೊಬ್ಬರಿಯ ಬೆಲೆಗೂ ಬೀದಿಗೂ ಇದ್ದ ನಂಟು ಕೂಡ ಸಡಿಲವಾಗಿದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯಲ್ಲಿ ಅದು ಎಂಟು ಸಾವಿರದ ಆಸುಪಾಸಿಗೆ ಕುಸಿದು, ರೈತರು ನಾಫೆಡ್ ಖರೀದಿಗೆ ಕಾದು ಕೂತರು. 2025ರಲ್ಲಿ ಅದೇ ಕೊಬ್ಬರಿ 25 ಸಾವಿರ ದಾಟಿತು. ಮೊದಲಾಗಿದ್ದರೆ ಇಂಥ ವರ್ಷ ಪೇಟೆಯ ಬಟ್ಟೆ ಅಂಗಡಿ, ಚಿನ್ನದ ಅಂಗಡಿಗಳು ತುಂಬಿ ತುಳುಕುತ್ತಿದ್ದವು, ಹಳೇ ಬಾಕಿಗಳೆಲ್ಲ ಒಂದೇ ಸುಗ್ಗಿಯಲ್ಲಿ ತೀರುತ್ತಿದ್ದವು. ಈಗ ದುಡ್ಡು ಬ್ಯಾಂಕಿಗೆ ಬಂದು, ಅಲ್ಲಿಂದ ಮಗನ ಸೈಟಿನ ಕಂತಿಗೋ, ಮೊಬೈಲಿನಲ್ಲಿ ತರಿಸಿದ ಸಾಮಾನಿಗೋ ಹೋಗುತ್ತದೆ. ಗಲ್ಲಾದ ಮುಂದೆ ಕ್ಯೂಆರ್ ಕೋಡು ನಿಂತಿದೆ. ಲೆಕ್ಕ ಚುಕ್ತಾ ಆಗುತ್ತದೆ, ಮಾತಿಗೆ ಅವಕಾಶವಿಲ್ಲ.

ಪುಸ್ತಕಗಳನ್ನು ಗುಜರಿಗೆ ಹಾಕಬೇಡಿ

ಹಳೇ ಬೀದಿಯನ್ನು ಇದ್ದ ಹಾಗೇ ಉಳಿಸಬೇಕೆಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. ಗೂಡಿನ ಲೋಟ ಮತ್ತೆ ಬರಬಾರದು, ಕಡಿತದ ತಕ್ಕಡಿಯೂ ಬರಬಾರದು. ಬೆಂಗಳೂರಿಗೆ ಹೋದ ಮಕ್ಕಳು ಹಿಂತಿರುಗಿ ಬೆಲ್ಲ ತೂಗಲಿ ಎನ್ನುವುದೂ ಆಗದ ಮಾತು. ಆದರೆ ಆ ಬೀದಿಯ ಕಾಗದಪತ್ರ ಇನ್ನೂ ಅಟ್ಟಗಳ ಮೇಲಿದೆ. ಖಾತೆಪುಸ್ತಕ, ಮಂಡಿಯ ಚೀಟಿ, ಮದುವೆಯ ಜವಳಿ ಪಟ್ಟಿ, ಗಿರವಿ ರಸೀತಿ, ನೇಕಾರರ ಕೂಲಿ ಲೆಕ್ಕ, ಹೋಟೆಲಿನ ದರಪಟ್ಟಿ ಎಲ್ಲವೂ ಈ ಸೀಮೆಯ ಚರಿತ್ರೆ. ಯಾವ ಬರದಲ್ಲಿ ರಾಗಿ ಎಷ್ಟಿತ್ತು, ಕೂಲಿಯವಳಿಗೆ ಎಷ್ಟು ಕೊಟ್ಟರು, ಯಾರು ಯಾರಿಗೆ ಎಷ್ಟು ಕಾಲ ಋಣಿಯಾಗಿದ್ದರು ಎಂಬುದು ಗೆಜೆಟಿಯರಿನಲ್ಲಿ ಇರುವುದಿಲ್ಲ, ಈ ಪುಸ್ತಕಗಳಲ್ಲಿ ಇರುತ್ತದೆ. ಮನೆ ಮಾರುವಾಗ ಇವು ಮೊದಲು ಗುಜರಿಗೆ ಹೋಗುತ್ತವೆ, ಇಲ್ಲವೇ ಸ್ನಾನದ ಒಲೆಗೆ.

ಊರಿನಲ್ಲಿ ತೀ.ನಂ.ಶ್ರೀ ಅವರ ಹೆಸರಿನ ಭವನವಿದೆ, ಕನ್ನಡ ಸಂಘವಿದೆ, ಕಾಲೇಜುಗಳಿವೆ, ಪುರಸಭೆಯಿದೆ. ಒಂದು ಕೋಣೆ, ನಾಲ್ಕು ಬೀರು, ಕಾಗದ ಸ್ಕ್ಯಾನ್ ಮಾಡಬಲ್ಲ ಇಬ್ಬರು ವಿದ್ಯಾರ್ಥಿಗಳಿದ್ದರೆ ಕೆಲಸ ಶುರು ಮಾಡಬಹುದು. ಇತಿಹಾಸದ ಮೇಷ್ಟ್ರುಗಳು ತಮ್ಮ ಮಕ್ಕಳನ್ನು ಪೇಟೆಯ ಅಜ್ಜ ಅಜ್ಜಿಯರ ಹತ್ತಿರ ಕಳಿಸಿ ಮಾತು ರೆಕಾರ್ಡ್ ಮಾಡಿಸಬಹುದು. ಹಾಗೆ ಮಾಡುವಾಗ ಜಗುಲಿಯ ಮೇಲೆ ಕೂತಿದ್ದವರನ್ನು ಮಾತ್ರ ಕೇಳಿದರೆ ಸಾಲದು; ಜಗುಲಿಯ ಕೆಳಗೆ ನಿಂತಿದ್ದವರನ್ನೂ, ಪರದೆಯ ಹಿಂದೆ ಪೊಟ್ಟಣ ಕಟ್ಟಿದವರನ್ನೂ ಕೇಳಬೇಕು. ಬರುವ ಆಯುಧಪೂಜೆಗೆ ಅಟ್ಟದ ಧೂಳು ಹೊಡೆಯುವವರು ಕೆಂಪು ರಟ್ಟಿನ ಪುಸ್ತಕ ಕಂಡರೆ ದಯವಿಟ್ಟು ಪಕ್ಕಕ್ಕೆ ಎತ್ತಿಡಿ.